ಪದ್ದಕ್ಕ ಸೈ ಎನ್ನದ ಚಾಕು

ಒಂದು ಕಾಡಿನಲ್ಲಿ ಹುಲಿರಾಯನಿಗೆ ಮಡಚುವ ಚಾಕುಗಳ ಹುಚ್ಚು ಹಿಡಿದಿತ್ತು. ಅಂತಿಂಥ ಹುಚ್ಚಲ್ಲ, ಮಾರಾಯರೇ! ಬೇಟೆಗಾರರು ಬಿಟ್ಟುಹೋದ ಒಳ್ಳೊಳ್ಳೆ ಚಾಕುಗಳನ್ನು ಹುಡುಕಿಸಿ ತರಿಸಿ, ಬೂರುಗದ ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದ. ದಿನಾ ಒಂದೊಂದನ್ನೇ ತೆಗೆದು, ಬಿಚ್ಚಿ, ಒರೆಸಿ, ಮಡಚಿ ಮತ್ತೆ ಒಳಗಿಡುತ್ತಿದ್ದ. ಅದರಲ್ಲಿ ಒಂದು ಹುಲ್ಲುಕಡ್ಡಿಯನ್ನಾದರೂ ಕೊಯ್ದವನಲ್ಲ.

ಆದರೆ ಕಾಡಿನಲ್ಲಿ ಯಾರಾದರೂ ಉರುಳಿಗೆ ಸಿಕ್ಕಿಬಿದ್ದರೆ ಆ ಪೆಟ್ಟಿಗೆಯಿಂದಲೇ ಚಾಕು ಹೊರಬರಬೇಕು. ಉರುಳು ಕೊಯ್ಯುವ ಕೆಲಸ ಮುಸುವ ಬೆಟ್ಟಯ್ಯನದು. ಅದಕ್ಕೇ ಪೆಟ್ಟಿಗೆ ಸೇರುವ ಪ್ರತಿ ಚಾಕನ್ನೂ ಮುಳ್ಳುಹಂದಿ ಪದ್ದಕ್ಕ ಪರೀಕ್ಷೆ ಮಾಡಿ 'ಸೈ' ಅನ್ನಬೇಕೆಂಬ ಕಟ್ಟಳೆಯಿತ್ತು. ಅವಳು ಅಲಗನ್ನು ಬಿಚ್ಚಿ ಆಚೀಚೆ ಅಲುಗಿಸುವಳು. ಮಡಚಿದಾಗ ಅದು ಹಿಡಿಯ ನಟ್ಟನಡುವೆ ಕೂರುತ್ತದೋ ಎಂದು ಒಂದು ಕಣ್ಣು ಮುಚ್ಚಿ ನೋಡುವಳು. ಲಾಕು ಭದ್ರವಾಗಿ ಕಚ್ಚಿದೆಯೋ ಎಂದು ಬೆನ್ನಿನ ಕಡೆಯಿಂದ ಒತ್ತುವಳು.

ಹೋದ ವರ್ಷ ಮಾತ್ರ ಅವಳು ಹುಲಿರಾಯನ ದಾಕ್ಷಿಣ್ಯಕ್ಕೆ ಬಿದ್ದು ಸಡಿಲ ಚಾಕೊಂದಕ್ಕೆ 'ಸೈ' ಎಂದುಬಿಟ್ಟಿದ್ದಳು. ಜಿಂಕೆಯ ಕಾಲಿನ ಉರುಳು ಕೊಯ್ಯುವಾಗ ಅದು ತಟಕ್ಕನೆ ಮಡಚಿಕೊಂಡು ಬೆಟ್ಟಯ್ಯನ ಎರಡು ಬೆರಳು ಹೋದವು. ಪಾಪ, ಅವನು ಅವಳಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಪದ್ದಕ್ಕ ವರ್ಷವಿಡೀ ಕೊರಗಿದಳು.

ಈ ವರ್ಷ ಹುಲಿರಾಯ, "ಎಲ್ಲಕ್ಕಿಂತ ಒಳ್ಳೆಯ ಚಾಕು ತಂದವನೇ ನನ್ನ ಮಂತ್ರಿ" ಎಂದು ಸಾರಿದ. ನರಿ ಚನ್ನಿಗ ಬೆಳಬೆಳಗ್ಗೆಯೇ ಬಾಲ ನೆಟ್ಟಗೆ ಮಾಡಿಕೊಂಡು ಬಂದ. ಅವನು ತಂದ ಚಾಕಿನ ಹಿಡಿಗೆ ಮುತ್ತಿನ ಚಿಪ್ಪು ಕೂರಿಸಿತ್ತು. ಅಲಗಿನ ಮೇಲೆ ನೀರಲೆಯ ಹಾಗೆ ಗೆರೆಗಳು ಮಿನುಗುತ್ತಿದ್ದವು. ಹುಲಿರಾಯ ಬಾಯಿ ಬಿಟ್ಟುಕೊಂಡು ನೋಡಿದ.

ಪದ್ದಕ್ಕ ಅಲುಗಿಸಿದಳು. ಅಲಗು ಕದಲಲಿಲ್ಲ. ಆದರೆ ಬಿಚ್ಚುವಾಗ 'ಟಕ್' ಎನ್ನಬೇಕಾದ ಲಾಕು 'ಪಿಚ್' ಎಂದಿತು. ಅವಳು ಅಲಗಿನ ಕೀಲಿಗೆ ಮೂಗು ಹಚ್ಚಿದಳು. ಅರಗಿನ ವಾಸನೆ!

"ಇದು ಸೈ ಅಲ್ಲ" ಎಂದಳು.

"ಅಯ್ಯೋ ಪದ್ದಕ್ಕ, ಇದರ ಅಂದ ನೋಡಿ!" ಎಂದ ಚನ್ನಿಗ. "ಇಂಥಾ ಮಾಲು ನಿಮ್ಮ ಜನ್ಮದಲ್ಲಿ ಕಂಡಿದ್ದೀರಾ?"

"ಅಂದ ನೋಡೋಕೆ ನವಿಲಿದೆಯಪ್ಪಾ. ಎಲ್ಲಿ, ಇದರಲ್ಲಿ ಆ ಬಳ್ಳಿ ಕೊಯ್ದು ತೋರಿಸು."

"ಶಾಂತಂ ಪಾಪಂ! ಇಂಥ ಚಾಕಿನಲ್ಲಿ ಬಳ್ಳಿ ಕೊಯ್ಯೋದೇ? ಗೀರು ಬೀಳಲ್ವೇ?"

ಹುಲಿರಾಯನಿಗೂ ಗೀರಿನದೇ ಭಯ. "ಸುಮ್ಮನೆ ಸೈ ಅಂದುಬಿಡು ಪದ್ದಕ್ಕ. ಇಲ್ಲದಿದ್ದರೆ ಈ ಕಾಡು ಬಿಟ್ಟು ನಡಿ!" ಎಂದು ಗುಡುಗಿದ.

ಪದ್ದಕ್ಕ ಸುತ್ತ ಕಣ್ಣು ಹಾಯಿಸಿದಳು. ಪರೀಕ್ಷೆ ನೋಡಲು ನೆರೆದಿದ್ದ ಗುಂಪಿನ ಅಂಚಿನಲ್ಲಿ ಬೆಟ್ಟಯ್ಯ ಮೂರೇ ಬೆರಳಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅವಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

"ಓಡಿಸ್ತೀರಾ? ಓಡಿಸಿ! ಒಂದು ಸಲ ನಿಮ್ಮ ಮುಖ ನೋಡಿ ತಲೆಯಾಡಿಸಿದೆ, ಇವನ ಬೆರಳು ಹೋಯ್ತು. ಇನ್ನು ನನ್ನ ತಲೆ ಹೋದರೂ ಆಡಿಸಲ್ಲ!"

ಹಾಗೆಂದವಳೇ ಚಾಕನ್ನು ಬಿಸಿಲು ಬಿದ್ದ ಬಂಡೆಯ ಮೇಲೆ ಬಿಚ್ಚಿಟ್ಟಳು. ಅದರ ಪಕ್ಕದಲ್ಲೇ ಮೈಮುಳ್ಳುಗಳನ್ನೆಲ್ಲ ಝಲ್ಲನೆ ನಿಮಿರಿಸಿ ಕೂತಳು. "ಮಧ್ಯಾಹ್ನದವರೆಗೂ ಇದು ಇಲ್ಲೇ ಇರುತ್ತೆ. ಯಾರು ಮುಟ್ಟುತ್ತೀರೋ ಮುಟ್ಟಿ, ನೋಡೋಣ!"

"ಬಿಸಿಲಿಗಿಡಬೇಡಿ! ಬಣ್ಣ ಹೋಗುತ್ತೆ!" ಚನ್ನಿಗ ಬಾಯಿ ಬಾಯಿ ಬಡಿದುಕೊಂಡ. ಆದರೆ ಮುಳ್ಳಿನ ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಹುಲಿರಾಯನೂ ಒಂದು ಹೆಜ್ಜೆ ಮುಂದಿಟ್ಟು, ಹಿಂದೊಮ್ಮೆ ಮುಳ್ಳು ಚುಚ್ಚಿದ್ದ ಮೂಗಿನ ನೋವು ನೆನಪಾಗಿ ಹಿಂದೆ ಸರಿದ.

ನಡುಹಗಲಾಯಿತು. ಬಂಡೆ ಕಾದ ಹೆಂಚಾಯಿತು. ಪದ್ದಕ್ಕನ ಹೊಟ್ಟೆ ಸುಟ್ಟರೂ ಅವಳು ಕದಲಲಿಲ್ಲ. ಕೊನೆಗೆ ಹುಲಿರಾಯನಿಗೇ ಬೇಸರ ಬಂತು. "ಲೋ ಚನ್ನಿಗ, ಆ ಬಳ್ಳಿ ಕೊಯ್ದು ಇವಳ ಬಾಯಿ ಮುಚ್ಚಿಸೋ!" ಎಂದ.

ಪದ್ದಕ್ಕ ಮುಳ್ಳು ಇಳಿಸಿ ದಾರಿ ಬಿಟ್ಟಳು. "ಬೇಡ ಕಣೋ, ಕೈ ಹೋಗುತ್ತೆ. ಈಗಲಾದರೂ ನಿಜ ಹೇಳು" ಎಂದಳು.

ಚನ್ನಿಗ ಕೇಳಬೇಕಲ್ಲ! ಮಂತ್ರಿ ಪದವಿ ಅವನ ಕಣ್ಣಿಗೆ ಕಟ್ಟಿತ್ತು. ಚಾಕು ಹಿಡಿದು ಬಳ್ಳಿಗೆ ಒತ್ತಿದ. ಕರಗಿದ ಅರಗು ಕೀಲಿನಿಂದ ತೊಟ್ಟಿಕ್ಕಿತು, ಲಾಕು ಜಾರಿತು, ಅಲಗು ಅವನ ಪಂಜದ ಮೇಲೆಯೇ ಮಡಚಿಕೊಂಡಿತು. "ಅಯ್ಯಯ್ಯೋ, ಸತ್ತೆ!" ಎಂದು ಕಿರುಚುತ್ತಾ ಅವನು ಕುಂಟುಕಾಲಿನಲ್ಲಿ ಓಡಿದ ಓಟಕ್ಕೆ ಕಾಡೆಲ್ಲ ಧೂಳೆದ್ದಿತು.

ಹುಲಿರಾಯ ತಲೆ ತಗ್ಗಿಸಿದ. "ತಪ್ಪಾಯ್ತು, ನೀನು ಎಲ್ಲಿಗೂ ಹೋಗಬೇಡ ಪದ್ದಕ್ಕ" ಎಂದ ಮೆತ್ತಗೆ.

"ನನಗಲ್ಲ ಸ್ವಾಮಿ, ಅವನಿಗೆ ಹೇಳಿ" ಎಂದಳು ಪದ್ದಕ್ಕ, ಬೆಟ್ಟಯ್ಯನನ್ನು ತೋರಿಸಿ. "ನಾನೂ ಹೇಳ್ತೀನಿ. ತಪ್ಪಾಯ್ತು ಬೆಟ್ಟಯ್ಯ."

ಹುಲಿರಾಯ ಎಲ್ಲರೆದುರಿಗೇ ಬೆಟ್ಟಯ್ಯನ ಮುಂದೆ ಹೋಗಿ ನಿಂತು, "ನನ್ನದೂ ತಪ್ಪಾಯ್ತು ಬೆಟ್ಟಯ್ಯ" ಎಂದ. ಕಾಡಿಗೆ ಕಾಡೇ ನೋಡುತ್ತಿತ್ತು.

ನೀತಿ: ಬೇರೆಯವರ ಜೀವಕ್ಕೆ ಅಪಾಯವಿರುವ ಕಡೆ, ಎಷ್ಟೇ ದೊಡ್ಡವರು ಗದರಿಸಿದರೂ ಸುಳ್ಳಿಗೆ 'ಸೈ' ಎನ್ನಬಾರದು.