ಕೈ ಕಟ್ಟಿ ಕೂತ ಕ್ಲಾಸು

ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಇನ್ನೊಂದು ಕೋಣೆ ಕೊಡಿ ಎಂದು ಹೆತ್ತವರು ಗೋಗರೆದರು.

"ಕೋಣೆ ಯಾಕ್ರೀ? ಅರ್ಧ ಮಕ್ಕಳು ಎಷ್ಟು ಶಿಸ್ತಾಗಿ ಕೈ ಕಟ್ಟಿ ಕೂತಿದ್ದಾರೆ ನೋಡಿ!" ಎಂದರು ತಪಾಸಣೆಗೆ ಬಂದ ಸಾಹೇಬರು.

ಸೊಪ್ಪು ಮಾರುವ ದೇವೀರಮ್ಮ ಮುಂದೆ ಬಂದಳು. ಕೈ ಮುಗಿದಳು. "ಹಂಗಾದ್ರೆ ಕೋಣೆ ಬೇಡ ಅಂತ ಬರೆದುಕೊಡಿ ಸ್ವಾಮಿ. ಇಲ್ಲೇ, ನನ್ನ ಮಗಳ ಪಕ್ಕ ಕೂತು."

ಸಾಹೇಬರು ಠೀವಿಯಿಂದ ನೆಲದ ಮೇಲೆ ಕೂತರು. ಪೆನ್ನು ತೆಗೆಯಲು ಹೋದರೆ ಮೊಣಕೈ ಅಲ್ಲಾಡಲಿಲ್ಲ.

"ಕೈ ಕಟ್ಕೊಳ್ಳಿ ಸಾರ್," ಎಂದಳು ಮಗಳು. "ಈಗ ನಾವು ಬರೆಯೋದು. ನಿಮ್ಮ ಸರದಿ ಆಮೇಲೆ."

ಎಲ್ಲರೂ ನಕ್ಕರು. ಸಾಹೇಬರು ಬೆವರುತ್ತಾ ಎದ್ದು ಹೆಡ್‌ಮಾಸ್ಟರನ್ನು ಗದರಿದರು: "ಮುಂದಿನ ಸಲ ನನಗೊಂದು ಕುರ್ಚಿ ಹಾಕಿಸ್ರೀ!"

ದೇವೀರಮ್ಮ ನೆಲದತ್ತ ಕೈ ತೋರಿದಳು. ಸಾಹೇಬರು ಎದ್ದ ಜಾಗದಲ್ಲಿ ಆಗಲೇ ಇನ್ನೊಂದು ಮಗು ಕೂತಿತ್ತು.