ಕೋಗಿಲೆಯ ಸಲಹಾ ಕೇಂದ್ರ

ಹೊಂಗೆ ಮರದ ಕೊಂಬೆಯ ಮೇಲೆ ಕೋಗಿಲೆಯೊಂದು ಸಲಹಾ ಕೇಂದ್ರ ತೆರೆಯಿತು. ಗೂಡು ಕಟ್ಟುವವರ ಕೆಲಸ ಹೇಳಿದ ದಿನಕ್ಕೆ ಮುಗಿಯುವಂತೆ ನೋಡಿಕೊಳ್ಳುವುದೇ ಅದರ ಹೊಸ ಕಸುಬು. ಮೊದಲು ಬಂದದ್ದು ಕಾಗೆ.

“ಒಂದು ಗೂಡನ್ನೂ ಕಟ್ಟದ ನಿಮಗೆ ಈ ಕೆಲಸ ಏನು ಗೊತ್ತು?” ಎಂದು ಕೇಳಿತು.

“ಕಟ್ಟುವುದು ಗೊತ್ತಿಲ್ಲ, ಕಾಗಕ್ಕ. ಆದರೆ ಯಾರ ಗೂಡು ಯಾವ ದಿನ ಮುಗಿಯುತ್ತದೆ ಎಂಬುದು ನನ್ನಷ್ಟು ಕರಾರುವಾಕ್ಕಾಗಿ ಯಾರಿಗೂ ಗೊತ್ತಿಲ್ಲ. ನಿಮ್ಮದು ಎಲ್ಲಿಗೆ ಬಂತು?”

“ಮೂರು ಮರದಲ್ಲಿ ಮೂರು ಗೂಡು ಶುರು ಮಾಡಿದ್ದೇನೆ. ದಿನಾ ಒಂದೊಂದಕ್ಕೂ ಒಂದೊಂದು ಕಡ್ಡಿ ಇಟ್ಟು ಬರುತ್ತೇನೆ. ಯಾವ ಕೆಲಸವೂ ನಿಂತಿಲ್ಲ!”

“ಮೊಟ್ಟೆ ಇಡುವುದು ಯಾವಾಗ?”

“ಇನ್ನು ಎಂಟು ದಿನಕ್ಕೆ,” ಎಂದ ಕಾಗೆ ಮೂರೂ ಮರಗಳ ಕಡೆ ಕತ್ತು ತಿರುಗಿಸಿ ನೋಡಿತು.

“ಎರಡನ್ನು ಬಿಟ್ಟುಬಿಡಿ. ಉಳಿದ ಒಂದಕ್ಕೆ ಮೂರು ದಿನ ಕಡ್ಡಿ, ಎರಡು ದಿನ ತಂತಿ, ಎರಡು ದಿನ ನಾರು. ನಾನು ದಿನಾ ಸಂಜೆ ಬಂದು ನೋಡುತ್ತೇನೆ.”

ಕೋಗಿಲೆ ಒಂದು ಸಂಜೆಯೂ ತಪ್ಪಲಿಲ್ಲ, ಕಾಗೆಯ ಬೆನ್ನು ಬಿಡಲಿಲ್ಲ. ಸರಿಯಾಗಿ ಏಳನೆಯ ದಿನ ಗೂಡು ಮುಗಿಯಿತು. ಕಾಗೆ ಅದರಲ್ಲಿ ಮೂರು ಮೊಟ್ಟೆ ಇಟ್ಟಿತು.

“ನಿಮಗೆ ಏನು ಕೊಡಲಿ?” ಎಂದು ಕೇಳಿತು.

“ಏನೂ ಬೇಡ. ಹೋಗಿ ಹೊಟ್ಟೆಗೆ ಏನಾದರೂ ಹಾಕಿಕೊಂಡು ಬನ್ನಿ. ಅಷ್ಟರಲ್ಲಿ ನಾನು ಕೊನೆಯ ತಪಾಸಣೆ ಮುಗಿಸಿರುತ್ತೇನೆ.”

ಕಾಗೆ ತಿಂದು ಬಂದು ಎಣಿಸಿತು. ನಾಲ್ಕು ಮೊಟ್ಟೆ! ಖುಷಿ ತಡೆಯಲಾರದೆ ಪಕ್ಕದ ಮರದ ಕಾಗೆಯನ್ನು ಕೂಗಿ ಕರೆದು ಹೇಳಿತು:

“ನೀನೂ ಕೋಗಿಲಮ್ಮನ ಹತ್ತಿರವೇ ಹೋಗು. ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದೆ, ಮೇಲೆ ಒಂದು ಮೊಟ್ಟೆ ಜಾಸ್ತಿಯೇ ಆಗುತ್ತದೆ!”