ಸರ್ವರ್ ಕಾಯುವ ಕೆಲಸ

ಮೊಟ್ಟೆ ಕೋಣೆಯ ಕಾವನ್ನು ಸರ್ವರ್ ಎಂಬ ಒಂದು ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಅದು ನಿಂತರೆ ಮೊಟ್ಟೆಯೊಳಗಿನ ಮರಿಗಳು ಉಳಿಯುವುದಿಲ್ಲ. ಕೆಲಸಕ್ಕಿದ್ದದ್ದು ಎರಡೇ ಕೋಳಿಗಳು, ಗೌರಕ್ಕ ಮತ್ತು ಚುಕ್ಕಿ. ಸರ್ವರನ್ನು ಕಾಯಲು ಅವರಿಗೆ ಒಬ್ಬರು ಬೇಕಿತ್ತು.

ಸರ್ವರಿನಿಂದಲೇ ಕರೆಂಟು ಪಡೆಯುತ್ತಿದ್ದ ಪರದೆ ಹೇಳಿತು: "ನಾನು ಕಾಯುತ್ತೇನೆ. ಎಲ್ಲವನ್ನೂ ಬಣ್ಣದಲ್ಲಿ ತೋರಿಸುತ್ತೇನೆ. ಏನಾದರೂ ಕೆಟ್ಟರೆ ಕೂಗುತ್ತೇನೆ."

ಗೋಡೆಯ ಮೇಲಿನ ಹಲ್ಲಿ ಹೇಳಿತು: "ನಾನು ಆಗಾಗ 'ಇದ್ದೀಯಾ?' ಎಂದು ಸರ್ವರನ್ನು ಕೇಳುತ್ತೇನೆ. ಉತ್ತರ ಬಾರದಿದ್ದರೆ ಕೂಗುತ್ತೇನೆ."

"ಅಷ್ಟೇನಾ? ಕೆಳಗಿಳಿ ಮಾರಾಯ, ನಿನ್ನನ್ನು ತಿಂದರೆ ಹೊಟ್ಟೆಯಾದರೂ ತುಂಬುತ್ತೆ!" ಎಂದು ಚುಕ್ಕಿ ನಕ್ಕಳು. ಪರದೆಯನ್ನೇ ಒಪ್ಪಿ ಇಬ್ಬರೂ ಕಾಳು ಹೆಕ್ಕಲು ಅಂಗಳಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ಪ್ಲಗ್ ಸಡಿಲಾಗಿ ಸರ್ವರ್ ನಿಂತಿತು. ಪರದೆಯೂ ಅದರ ಜೊತೆ ಆರಿತು.

"ಪರದೆ ಕೂಗಲಿಲ್ಲ. ಎಲ್ಲ ಸರಿಯಿದೆ ಬಿಡಕ್ಕ," ಎಂದಳು ಚುಕ್ಕಿ.

ಆಗಲೇ, ಕೆಲಸ ಸಿಗದಿದ್ದರೂ ಸರ್ವರನ್ನು ಕೇಳುತ್ತಲೇ ಇದ್ದ ಹಲ್ಲಿ ಕೂಗಿತು: "ಉತ್ತರವಿಲ್ಲ! ಓಡಿ ಬನ್ನಿ!"

ಇಬ್ಬರೂ ಓಡಿದರು. ಗೌರಕ್ಕ ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ಕೂತಳು. ಚುಕ್ಕಿ ಕೊಕ್ಕಿನಿಂದ ಪ್ಲಗ್ ಒತ್ತಿದಳು. ಪರದೆ ಹೊತ್ತಿಕೊಂಡು, "ಎಲ್ಲ ಸರಿಯಿದೆ!" ಎಂದಿತು.

ಗೌರಕ್ಕನ ಕೆಳಗೆ ಒಂದು ಮೊಟ್ಟೆ ಬಿರಿಯಿತು. "ಜೀವ ಇದೆ ಕಣೇ ಚುಕ್ಕಿ!" ಎಂದು ಅವಳು ಕೂಗಿದಳು. "ಹಲ್ಲಿಯಣ್ಣ, ಕೆಲಸ ನಿನ್ನದೇ. ಈಗಲೇ ಇನ್ನೊಂದು ಸಲ ಕೇಳು!"